ಪಿಸ್ತೂಲಿನ ಮ್ಯಾಗಜಿನ್‌ನಲ್ಲಿ (ಗುಂಡು ತುಂಬುವ ಡಬ್ಬಿಯಲ್ಲಿ) ಗುಂಡು ಪದೇ ಪದೇ ಸಿಕ್ಕಿಕೊಳ್ಳುತ್ತದೆ. ಹೊಸ ಮ್ಯಾಗಜಿನ್ ತರಿಸಲಾ, ಬೇಗ ಕ್ಲಿಯರ್ ಮಾಡುವುದನ್ನು ಕಲಿಯಲಾ?

ಎರಡೂ ಬೇಡ. ಹೊಸ ಮ್ಯಾಗಜಿನ್ ಈಗಲೇ ಬೇಡ. ಸಿಕ್ಕಿಕೊಂಡ ಗುಂಡನ್ನು ಚಕಚಕನೆ ತೆಗೆಯುವ ಅಭ್ಯಾಸವಂತೂ ಬೇಡವೇ ಬೇಡ.

ಕ್ಲಬ್ಬಿನ ಪಾಯಿಂಟ್ 22 ಸ್ಪೋರ್ಟ್ಸ್ ಪಿಸ್ತೂಲು, ಎರಡು ಮ್ಯಾಗಜಿನ್, ಮಳೆ ಶುರುವಾದ ಮೇಲೆ ಗುಂಡು ಸರಿಯಾಗಿ ಏರುವುದಿಲ್ಲ, ರಾಜ್ಯಮಟ್ಟದ ಪಂದ್ಯ ಹತ್ತಿರ ಬಂತು ಎಂದು ಬರೆದಿದ್ದೀರಿ. ಊರು ಮಂಜೇಶ್ವರ ಅಂತಲೂ ಹೇಳಿದ್ದೀರಿ. ನಾನು ಬದಿಯಡ್ಕ ಕಡೆಯವಳು. ಇದೇ ಮಳೆ, ಇದೇ ಕಾಟ, ಇದೇ ಪಂದ್ಯ, ಎಲ್ಲವನ್ನೂ ಕಂಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಾನು ಹೊಡೆಯುತ್ತಿದ್ದದ್ದು ಮಹಿಳೆಯರ 25 ಮೀಟರ್ ಪಿಸ್ತೂಲ್. ಆ ವರ್ಷ ಪಂದ್ಯ ತಿರುವನಂತಪುರದ ವಟ್ಟಿಯೂರ್‌ಕಾವು ರೇಂಜಿನಲ್ಲಿ. 2015ರ ರಾಷ್ಟ್ರೀಯ ಕ್ರೀಡಾಕೂಟದ ಶೂಟಿಂಗ್ ನಡೆದ ಜಾಗ ಅದು. ನಮಗೆ ಕೇರಳದ ಈ ತುದಿಯಿಂದ ಆ ತುದಿಗೆ ಪ್ರಯಾಣ. ಸಂಜೆ ಕಾಸರಗೋಡಿನಲ್ಲಿ ಮಾವೇಲಿ ರೈಲು ಹತ್ತಿದರೆ ಇಳಿಯುವಾಗ ಬೆಳಗಾಗಿರುತ್ತದೆ. ಕೋಚ್ ಲೈಸೆನ್ಸ್ ಕಾಗದಗಳನ್ನು ಜೇಬಿನಲ್ಲಿಟ್ಟುಕೊಂಡು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಕೂತೇ ಇದ್ದರು.

ಮೊದಲ 30 ಗುಂಡುಗಳ ಪ್ರಿಸಿಷನ್, ಅಂದರೆ ನಿಧಾನವಾಗಿ ಗುರಿಯಿಟ್ಟು ಹೊಡೆಯುವ ಸುತ್ತು, ಚೆನ್ನಾಗಿಯೇ ಆಯಿತು. ಐದು ಗುಂಡಿಗೆ ಐದು ನಿಮಿಷ ಇರುತ್ತದಲ್ಲ, ಗಡಿಬಿಡಿ ಇಲ್ಲ. ಆಮೇಲೆ ರ‍್ಯಾಪಿಡ್. ಅದರ ಲೆಕ್ಕ ನಿಮಗೆ ಗೊತ್ತೇ ಇದೆ. ಕೈ ಕೆಳಗೆ, ನೇರ ಇಳಿಬಿಟ್ಟದ್ದಕ್ಕಿಂತ 45 ಡಿಗ್ರಿಗಿಂತ ಹೆಚ್ಚು ಏರಬಾರದು. ಹಸಿರು ದೀಪ ಬಂದರೆ 3 ಸೆಕೆಂಡ್, ಅಷ್ಟರಲ್ಲಿ ಕೈ ಎತ್ತಿ ಒಂದೇ ಗುಂಡು. ಮತ್ತೆ ಕೆಂಪು ದೀಪ, 7 ಸೆಕೆಂಡ್. ಹೀಗೆ ಐದು ಸಲ.

ಆ 7 ಸೆಕೆಂಡಿನ ಬಗ್ಗೆಯೇ ನಾನು ಮುಖ್ಯವಾಗಿ ಹೇಳಬೇಕಾದದ್ದು.

ಒಂದು ಸೀರೀಸ್‌ನಲ್ಲಿ, ಅಂದರೆ ಐದು ಗುಂಡಿನ ಒಂದು ಸರದಿಯಲ್ಲಿ, ಮೂರು ಗುಂಡು ಹೊಡೆದಾಗಿತ್ತು. ಮೂರನೆಯದು ಸಿಡಿದಾಗ ಬೋಲ್ಟ್ (ಹಿಂದೆ ಹೋಗಿ ಬಂದು ಮುಂದಿನ ಗುಂಡನ್ನು ಒಳಗೆ ತಳ್ಳುವ ಭಾಗ) ಮರಳಿ ಬಂದ ಸದ್ದು ಎಂದಿನಂತೆ ಇರಲಿಲ್ಲ. ಬಗ್ಗಿ ನೋಡಿದೆ. ಬೋಲ್ಟ್ ಪೂರ್ತಿ ಮುಚ್ಚಿಲ್ಲ. ನಾಲ್ಕನೇ ಗುಂಡಿನ ಮೂತಿ ಬ್ಯಾರೆಲ್ಲಿನ ಬಾಯಿಯ ಕೆಳಗೆ ಒತ್ತಿಕೊಂಡು ಓರೆಯಾಗಿ ನಿಂತಿದೆ. ಕೆಂಪು ದೀಪ ಉರಿಯುತ್ತಿದೆ. 7 ಸೆಕೆಂಡ್ ಇದೆ ಅಂತ ತಲೆ ಹೇಳಿತು, ಎಡಗೈ ಅದರ ಪಾಡಿಗೆ ಅದು ಹೋಗಿ ಬೋಲ್ಟ್ ಎಳೆಯಿತು. ಓರೆಯಾದ ಗುಂಡು ಬೆಂಚಿನ ಮೇಲೆ ಬಿತ್ತು. ಐದನೆಯದು ಚೇಂಬರಿಗೆ, ಅಂದರೆ ಬ್ಯಾರೆಲ್ಲಿನ ಹಿಂಬದಿಯ ಗೂಡಿಗೆ, ಹೋಯಿತು. ಹಸಿರು ಬಂತು, ಹೊಡೆದೆ. ಗುಂಡು ಒಳ್ಳೆಯ ಜಾಗಕ್ಕೇ ಬಿತ್ತು. ಮತ್ತೆ ಕೆಂಪು, ಮತ್ತೆ ಹಸಿರು, ಟ್ರಿಗರ್ ಒತ್ತಿದೆ. ಏನೂ ಇಲ್ಲ.

ಮ್ಯಾಗಜಿನ್ ಖಾಲಿ. ಸೀರೀಸ್‌ಗೆ ತುಂಬುವುದೇ ಐದು. ಒಂದನ್ನು ನಾನೇ ಬೆಂಚಿನ ಮೇಲೆ ಬೀಳಿಸಿದ್ದೆ. ಐದನೇ ಟಾರ್ಗೆಟ್‌ಗೆ ಸೊನ್ನೆ.

ಆಗ ಕೈ ಎತ್ತಿದೆ. ರೇಂಜ್ ಆಫೀಸರ್ ಬಂದು ಬೆಂಚಿನ ಮೇಲಿದ್ದ ಗುಂಡು ನೋಡಿದರು. ‘ಬೋಲ್ಟ್ ಮುಟ್ಟಿದಿರಾ?’ ಅಂತ ಮಲಯಾಳದಲ್ಲಿ ಮೆಲ್ಲ ಕೇಳಿದರು. ಹೌದು ಅಂದೆ. ಅಲ್ಲಿಗೆ ಮುಗಿಯಿತು. ಅವರು ಮಾಡಿದ್ದು ಸರಿಯೇ.

ಈ ನಿಯಮವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಇದನ್ನು ಓದುವುದೇ ಇಲ್ಲ. ಐಎಸ್ಎಸ್ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಪಿಸ್ತೂಲು ಕೈಕೊಡುವುದು ಎರಡು ಬಗೆ, ಮಾನ್ಯವಾಗುವುದು ಮತ್ತು ಮಾನ್ಯವಾಗದ್ದು. ಗುಂಡು ಅಥವಾ ಖಾಲಿ ಕೇಸು (ಸಿಡಿದ ಮೇಲೆ ಉಳಿಯುವ ಲೋಹದ ಕವಚ) ಸಿಕ್ಕಿಕೊಂಡರೆ ಅದು ಮಾನ್ಯ. ನೀವು ಮಾಡಬೇಕಾದ್ದು ಇಷ್ಟೇ. ಹಿಡಿತ ಬಿಡಬಾರದು, ಮೂತಿ ಟಾರ್ಗೆಟ್ ಕಡೆಗೇ ಇರಬೇಕು, ಖಾಲಿ ಕೈ ಎತ್ತಬೇಕು. ಆಫೀಸರ್ ನೋಡಿ ಒಪ್ಪಿದರೆ ಉಳಿದ ಗುಂಡುಗಳನ್ನು ಹೊಡೆಯುವ ಅವಕಾಶ ಸಿಗುತ್ತದೆ. ಹೀಗೆ ಎಷ್ಟು ಸಲ ಕೇಳಬಹುದು ಅನ್ನುವುದಕ್ಕೆ ಮಿತಿ ಉಂಟು, ಆದರೆ ಅವಕಾಶವಂತೂ ಉಂಟು. ನೀವೇ ಸರಿಮಾಡಿಕೊಂಡು ಹೊಡೆಯುವುದಕ್ಕೂ ಅಡ್ಡಿಯಿಲ್ಲ. ಆದರೆ ಒಮ್ಮೆ ಕೈ ಹಾಕಿದಿರೋ, ಫೈರಿಂಗ್ ಪಿನ್ (ಗುಂಡಿನ ಹಿಂಬದಿಗೆ ಬಡಿದು ಸಿಡಿಸುವ ಮೊಳೆ) ಮುರಿದಂಥ ದೊಡ್ಡ ಹಾನಿ ಇಲ್ಲದಿದ್ದರೆ ಆಮೇಲೆ ಮಾನ್ಯ ದೋಷ ಅಂತ ಕೇಳುವ ಹಾಗಿಲ್ಲ. ಹೊಡೆಯದೆ ಉಳಿದ ಗುಂಡಿಗೆ ಸೊನ್ನೆ.

ಅಂದರೆ ನಾನು ಬೋಲ್ಟ್ ಎಳೆಯದೆ ಕೈ ಎತ್ತಿದ್ದರೆ ಬಾಕಿ ಎರಡೂ ಗುಂಡು ನನ್ನವೇ ಆಗಿರುತ್ತಿದ್ದವು. ಎಳೆದದ್ದರಿಂದ ಒಂದು ಹೋಯಿತು. ಎಷ್ಟೇ ಚುರುಕಾಗಿ ಎಳೆದಿದ್ದರೂ ಹೋಗುತ್ತಲೇ ಇತ್ತು, ಯಾಕೆಂದರೆ ಸಿಕ್ಕಿಕೊಂಡ ಗುಂಡು ಹೊರಗೆ ಬಿದ್ದ ಮೇಲೆ ಮ್ಯಾಗಜಿನ್‌ನಲ್ಲಿ ಲೆಕ್ಕ ಕಡಿಮೆಯೇ. ಅದಕ್ಕೇ ನಿಮ್ಮ ಪ್ರಶ್ನೆಯ ಎರಡನೇ ಭಾಗವನ್ನು ನಾನು ಒಪ್ಪುವುದಿಲ್ಲ. ಬೇಗ ಕ್ಲಿಯರ್ ಮಾಡಿದಷ್ಟೂ ಒಳ್ಳೆಯದು ಅನ್ನುವುದು ಬೇರೆ ಬಗೆಯ ಶೂಟಿಂಗ್‌ಗೆ ಸರಿ ಇರಬಹುದು. ನಮ್ಮ ಪಂದ್ಯದಲ್ಲಿ ಅದು ಅಂಕ ತಿನ್ನುವ ಚಾಳಿ. ಆ ಹತ್ತು ಅಂಕ ಇದ್ದಿದ್ದರೆ ನಾನು ಮುಂದಿನ ಹಂತಕ್ಕೆ ಹೋಗುತ್ತಿದ್ದೆ.

ನನಗೆ ಆ ನಿಯಮ ಗೊತ್ತಿರಲಿಲ್ಲವಾ? ಗೊತ್ತಿತ್ತು. ಕೇಳಿದ್ದರೆ ಬಾಯಿಪಾಠ ಒಪ್ಪಿಸುತ್ತಿದ್ದೆ. ಆದರೆ ಅಭ್ಯಾಸದಲ್ಲಿ ಪ್ರತಿ ಸಲ ಸಿಕ್ಕಿಕೊಂಡಾಗಲೂ ಬೋಲ್ಟ್ ಎಳೆದು, ಗುಂಡು ಬೀಳಿಸಿ, ಮುಂದುವರಿಸುತ್ತಿದ್ದೆವು. ಸಮಯ ಉಳಿಯಲಿ ಅಂತ. ಕೈಗೆ ಅದೇ ರೂಢಿಯಾಗಿತ್ತು. ನೀವು ಇವತ್ತಿನಿಂದಲೇ ಇದನ್ನು ಬದಲಿಸಿ. ಅಭ್ಯಾಸದಲ್ಲಿ ಸಿಕ್ಕಿಕೊಂಡರೆ ಮೂತಿ ಮುಂದಕ್ಕೆ, ಬೆರಳು ಟ್ರಿಗರ್‌ನಿಂದ ಹೊರಗೆ, ಎಡಗೈ ಮೇಲೆ. ಕೋಚ್ ಅಥವಾ ಪಕ್ಕದವರು ಬಂದು ನೋಡಿದ ಮೇಲೆಯೇ ಬೋಲ್ಟ್ ಮುಟ್ಟಬೇಕು. ಟ್ರಿಗರ್ ಒತ್ತಿದ ಮೇಲೆ ಗುಂಡು ಸಿಡಿಯದಿದ್ದರಂತೂ ತಡವಾಗಿ ಸಿಡಿಯುವ ಸಾಧ್ಯತೆ ಇರುತ್ತದೆ, ಆಗ ಕಾಯಲೇಬೇಕು.

ಇನ್ನು ಮ್ಯಾಗಜಿನ್ ವಿಷಯ. ಮಳೆ ಶುರುವಾದ ಮೇಲೆ ಹೀಗಾಯಿತು ಅಂದಿರಲ್ಲ, ಅದನ್ನು ಓದಿದ ಕೂಡಲೇ ನನಗೆ ಅನ್ನಿಸಿದ್ದು ಎಣ್ಣೆ. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ತೋಟದ ಮನೆಗಳಲ್ಲಿ ಕೋವಿ ನೋಡಿ ಬೆಳೆದವರಿಗೆ ಒಂದು ಬುದ್ಧಿ ಇರುತ್ತದೆ, ಜೂನ್ ಬಂತು ಅಂದರೆ ಕೋವಿಗೆ ಎಣ್ಣೆ ಬಿಡಬೇಕು. ನಮ್ಮ ಅಜ್ಜ ಹಂದಿ ಕಾಯಲು ಇಟ್ಟಿದ್ದ ಒಂಟಿನಳಿಗೆ ಕೋವಿಗೆ ಧಾರಾಳವಾಗಿ ಎಣ್ಣೆ ಹಾಕುತ್ತಿದ್ದರು. ಅದಕ್ಕೆ ಅದು ಸರಿ. ಮಡಚಿ ಒಂದು ತೋಟೆ ಹಾಕುವ ಕೋವಿಗೆ ಮ್ಯಾಗಜಿನ್ ಎಲ್ಲಿಂದ? ಅದೇ ಬುದ್ಧಿಯಲ್ಲಿ ನಾನು ಮ್ಯಾಗಜಿನ್ ಒಳಗೂ ತುಕ್ಕು ಹಿಡಿಯಬಾರದು ಅಂತ ಎಣ್ಣೆ ಬಿಡುತ್ತಿದ್ದೆ.

ಪಾಯಿಂಟ್ 22ರ ಸೀಸದ ಗುಂಡಿನ ಮೈಗೆ ಮೊದಲೇ ಮೇಣದಂಥ ಲೇಪ ಇರುತ್ತದೆ, ಮುಟ್ಟಿದರೆ ಬೆರಳು ಜಿಡ್ಡಾಗುತ್ತದೆ. ಪ್ರತಿ ಸಲ ಬೋಲ್ಟ್ ಹಿಂದೆ ಹೋದಾಗ ಮಸಿ, ಉರಿಯದ ಮದ್ದಿನ ಪುಡಿ ಸ್ವಲ್ಪ ಮ್ಯಾಗಜಿನ್ ಬಾಯಿಗೂ ಬೀಳುತ್ತದೆ. ಅದರ ಮೇಲೆ ನನ್ನ ಎಣ್ಣೆ ಬೇರೆ. ತಿರುವನಂತಪುರದಿಂದ ಬಂದ ಮೇಲೆ ಕೋಚ್ ಪತ್ರಿಕೆ ಹಾಸಿ ಮ್ಯಾಗಜಿನ್ ಬಿಚ್ಚಿದರು. ತಳದ ತಟ್ಟೆ ಜಾರಿಸಿ ಸ್ಪ್ರಿಂಗ್ ಹೊರಗೆಳೆದಾಗ ಅದರ ಸುತ್ತುಗಳ ನಡುವೆ ಕಪ್ಪು ಜಿಡ್ಡು ತುಂಬಿತ್ತು, ಹಳೇ ಹೊಲಿಗೆ ಮೆಷಿನ್ನಿನ ಒಳಗಿರುವ ಹಾಗೆ. ಅದರಲ್ಲಿ ಸೀಸದ ಸಣ್ಣ ಚೂರುಗಳು ಮಿಂಚುತ್ತಿದ್ದವು. ಗುಂಡನ್ನು ಮೇಲಕ್ಕೆ ದೂಡುವ ಫಾಲೋವರ್ ಆ ಜಿಡ್ಡಿನಲ್ಲಿ ನಿಧಾನವಾಗಿ ಏರುತ್ತಿತ್ತು. ಬೋಲ್ಟ್ ಮಾತ್ರ ಯಾರಿಗೂ ಕಾಯುವುದಿಲ್ಲ. ಗುಂಡು ಪೂರ್ತಿ ಏರುವ ಮೊದಲೇ ಬೋಲ್ಟ್ ಬಂದು ತಳ್ಳಿದರೆ ಅದು ತಲೆ ತಗ್ಗಿಸಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬೋಲ್ಟ್ ಅದರ ಮೇಲಿಂದ ಹಾದು ಖಾಲಿ ಚೇಂಬರ್ ಮುಚ್ಚುತ್ತದೆ.

ನಿಮ್ಮದನ್ನು ಪರೀಕ್ಷಿಸುವುದು ಸುಲಭ. ಮ್ಯಾಗಜಿನ್ ಹೊರಗೆ ತೆಗೆದು, ಖಾಲಿ ಅಂತ ಖಚಿತ ಮಾಡಿಕೊಂಡು, ಮರದ ಕಡ್ಡಿಯಿಂದ ಫಾಲೋವರನ್ನು ಕೆಳಗೆ ಒತ್ತಿ. ನಂತರ ಕಡ್ಡಿಯನ್ನು ಸರಕ್ಕನೆ ತೆಗೆಯಿರಿ. ಅದು ಟಕ್ಕನೆ ಹಾರಬೇಕು. ತೆವಳಿಕೊಂಡು ಬಂದರೆ ಒಳಗೆ ಕೊಳೆ ಉಂಟು, ಅಥವಾ ಸ್ಪ್ರಿಂಗ್ ಸೋತಿದೆ. ಬಿಚ್ಚಿ ಒರೆಸಿ, ಪೂರ್ತಿ ಒಣಗಿಸಿ, ಒಳಗೆ ಒಂದು ಹನಿ ಎಣ್ಣೆಯನ್ನೂ ಬಿಡಬೇಡಿ. ತುಕ್ಕಿನ ಭಯ ಇದ್ದರೆ ಹೊರಮೈಗೆ ಎಣ್ಣೆ ಬಟ್ಟೆ ತಾಗಿಸಿ, ಮತ್ತೆ ಒಣಬಟ್ಟೆಯಿಂದ ಒರೆಸಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ನಮ್ಮ ಮಳೆಗಾಲಕ್ಕೆ ಅದು ಬೇಗ ಸೋಲುತ್ತದೆ, ಆಗಾಗ ಬದಲಿಸಿ. ಇದೆಲ್ಲ ಆದ ಮೇಲೆ ಕೈ ಸೋಪಿನಿಂದ ತೊಳೆಯಿರಿ, ಅದು ಸೀಸ.

ಎಣ್ಣೆಯಲ್ಲ ಅಂತಾದರೆ? ಎರಡು ಮ್ಯಾಗಜಿನ್‌ಗೂ 1, 2 ಅಂತ ಬಣ್ಣದಿಂದ ಗುರುತು ಹಾಕಿ. ಒಂದು ಚಿಕ್ಕ ಪುಸ್ತಕ ಇಡಿ. ಸಿಕ್ಕಿಕೊಂಡಾಗಲೆಲ್ಲ ಯಾವ ಮ್ಯಾಗಜಿನ್, ಎಷ್ಟನೇ ಗುಂಡು, ಹೇಗೆ ನಿಂತಿತ್ತು, ಗುಂಡಿನ ಪೆಟ್ಟಿಗೆಯ ಮೇಲಿನ ಲಾಟ್ (ತಯಾರಿಕೆಯ ಕಂತಿನ) ನಂಬರ್ ಯಾವುದು ಅಂತ ಬರೆಯಿರಿ. ಒಂದೇ ಮ್ಯಾಗಜಿನ್ ಹಟ ಮಾಡಿದರೆ ತಪ್ಪು ಅದರದ್ದೇ. ಎರಡರಲ್ಲೂ ಆದರೆ ಪಿಸ್ತೂಲು ಅಥವಾ ಗುಂಡಿನ ಕಡೆ ನೋಡಬೇಕು. ಲಾಟ್ ಬದಲಿಸಿದಾಗ ನಿಂತರೆ ಗುಂಡು. ಕೊನೆಯ ಒಂದೆರಡು ಗುಂಡಿಗೇ ಆಗುತ್ತಿದ್ದರೆ ಸ್ಪ್ರಿಂಗ್ ಮೇಲೆ ನನ್ನ ಅನುಮಾನ, ಯಾಕೆಂದರೆ ಆ ಹೊತ್ತಿಗೆ ಅದರ ಒತ್ತಡ ಕಡಿಮೆಯಾಗಿರುತ್ತದೆ. ಖಾಲಿ ಕೇಸು ಹೊರಗೆ ಹಾರದೆ ಅಡ್ಡ ನಿಂತಿದ್ದರೆ ಅದಕ್ಕೆ ಮ್ಯಾಗಜಿನ್ ಬೈದು ಪ್ರಯೋಜನವಿಲ್ಲ. ಚೇಂಬರಿನ ಕೊಳೆ, ಖಾಲಿ ಕೇಸನ್ನು ಹಿಡಿದೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್, ಇಲ್ಲವೇ ಬೋಲ್ಟನ್ನು ಪೂರ್ತಿ ಹಿಂದೆ ತಳ್ಳಲಾಗದ ದುರ್ಬಲ ಗುಂಡು ಕಾರಣ ಇರಬಹುದು. ‘ಜ್ಯಾಮ್ ಆಯಿತು’ ಅಂತಷ್ಟೇ ಹೇಳಿದರೆ ಯಾರೂ ನಿಮಗೆ ಸಹಾಯ ಮಾಡಲಾರರು.

ತುಂಬುವಾಗಲೂ ನೋಡಿಕೊಳ್ಳಿ. ಪಾಯಿಂಟ್ 22ರ ಗುಂಡಿನ ಹಿಂದೆ ಅಂಚು ಉಂಟಲ್ಲ, ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ತೊಡರಿ ಮೇಲಿನದು ಮುಂದೆ ಹೋಗುವುದಿಲ್ಲ. ಮ್ಯಾಗಜಿನ್ ಟಕ್ ಅನ್ನುವವರೆಗೆ ಒಳಗೆ ಕೂರಿಸಿ. ಅರ್ಧ ಕೂತು ಕೈಕೊಟ್ಟರೆ ಅದು ನೀವೇ ಸರಿಮಾಡಬಹುದಾಗಿದ್ದ ಕಾರಣ ಅಂತಾಗುತ್ತದೆ, ಆಗ ಕೈ ಎತ್ತಿದರೂ ಮಾನ್ಯವಾಗುವುದಿಲ್ಲ.

ಕ್ಲಬ್ಬಿನಲ್ಲಿ ಒಂದೇ ಮಾದರಿಯ ಎರಡು ಪಿಸ್ತೂಲು ಇದ್ದರೆ ಅವುಗಳ ಮ್ಯಾಗಜಿನ್ ಅದಲುಬದಲಾಗಿಲ್ಲವಾ ಅಂತಲೂ ಕೇಳಿ ನೋಡಿ. ನೋಡಲು ಒಂದೇ ಥರ ಇದ್ದರೂ ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗದಿರುವುದುಂಟು.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಮ್ಯಾಗಜಿನ್ ಬಾಯಿಯ ತುಟಿಗಳನ್ನು ಇಕ್ಕಳದಿಂದ ಬಗ್ಗಿಸಲು ಯಾರಿಗೂ ಬಿಡಬೇಡಿ. ‘ಸ್ವಲ್ಪ ಒತ್ತಿದರೆ ಸರಿಯಾಗ್ತದೆ’ ಅನ್ನುವವರು ಪ್ರತಿ ರೇಂಜಿನಲ್ಲೂ ಇರುತ್ತಾರೆ. ಗುಂಡು ಯಾವ ಎತ್ತರದಲ್ಲಿ, ಯಾವ ಕ್ಷಣದಲ್ಲಿ ಬಿಡುಗಡೆಯಾಗಬೇಕು ಅನ್ನುವುದು ಆ ತುಟಿಗಳ ಮೇಲೇ ನಿಂತಿದೆ. ಕೂದಲೆಳೆಯಷ್ಟು ಹೆಚ್ಚು ಬಗ್ಗಿದರೂ ಇರುವ ಒಂದು ತೊಂದರೆ ಎರಡಾಗುತ್ತದೆ, ಮೂಲ ಅಳತೆ ಮತ್ತೆ ಸಿಗುವುದಿಲ್ಲ. ತುಟಿ ಅಗಲವಾಗಿದೆ, ಬಿರುಕು ಬಿಟ್ಟಿದೆ ಅಂತ ಖಚಿತವಾದರೆ ಮಾತ್ರ ಹೊಸದು ತರಿಸಿ. ಇಂಥ ಪಿಸ್ತೂಲಿನ ಮ್ಯಾಗಜಿನ್ ಹೊರದೇಶದಿಂದ ಬರಬೇಕು, ಪಂದ್ಯದ ಮೊದಲು ಕೈಗೆ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಬಂದರೂ ಅಭ್ಯಾಸದಲ್ಲಿ ಚೆನ್ನಾಗಿ ಹೊಡೆದು ನೋಡದೆ ಪಂದ್ಯಕ್ಕೆ ಒಯ್ಯಬೇಡಿ.

ಸದ್ಯಕ್ಕೆ ಕಡ್ಡಿ ಪರೀಕ್ಷೆ ಮಾಡಿ, ಗುರುತು ಹಾಕಿ, ಬರೆಯಲು ಶುರುಮಾಡಿ. ಒಂದೆರಡು ವಾರ ಬರೆದ ಮೇಲೆ ಯಾವ ಮ್ಯಾಗಜಿನ್, ಎಷ್ಟನೇ ಗುಂಡು ಅಂತ ಇಲ್ಲಿಯೇ ಹಾಕಿ. ಗುಂಡು ಹೇಗೆ ನಿಂತಿತ್ತು ಅನ್ನುವುದರ ಫೋಟೋ ಇದ್ದರೆ ಇನ್ನೂ ಒಳ್ಳೆಯದು, ಆದರೆ ಫೋಟೋ ತೆಗೆಯುವಾಗಲೂ ಮೂತಿ ಟಾರ್ಗೆಟ್ ಕಡೆಗೇ ಇರಲಿ, ಬೋಲ್ಟ್ ಮುಟ್ಟಬೇಡಿ. ನಾನು ನೋಡಿ ಹೇಳುತ್ತೇನೆ.