ಟಿವಿಯ ಲಾಟ್ವಿಯನ್ನರು ಮತ್ತು ನಮ್ಮ ಓನರ್ ಆಂಟಿ

ಅಣ್ಣಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಸಲಿಗೆಯಿಂದ ನೀನು ಅಂತಲೇ ಬರೆಯುತ್ತೇನೆ. ಹಾಸನದಿಂದ ಸೆಪ್ಟೆಂಬರಿನಲ್ಲಿ ಲಾಟ್ವಿಯಾದ ರಾಜಧಾನಿ ರೀಗಾಕ್ಕೆ ಓದಲು ಬರುತ್ತಿದ್ದೀಯ. ಲಾಟ್ವಿಯಾದ ಜನರನ್ನು ನೀನು ನೋಡಿರುವುದು ಒಂದೇ ಒಂದು ಕಡೆ. ಆಸ್ಟ್ರೇಲಿಯಾದ 'ಮಿಸ್ ಫಿಶರ್ಸ್ ಮರ್ಡರ್ ಮಿಸ್ಟರೀಸ್' ಧಾರಾವಾಹಿಯ ಆ ವಿಕ್ಟೋರಿಯಾ ಡಾಕ್ ಎಪಿಸೋಡಿನಲ್ಲಿ. ಹಡಗುಕಟ್ಟೆಯಲ್ಲಿ ಗುಂಡೇಟು ತಿಂದ ಹುಡುಗ ಪತ್ತೇದಾರಿಣಿಯ ತೋಳಿನಲ್ಲಿ ಸಾಯುತ್ತಾನೆ, ಜಾಡು ಹಿಡಿದು ಹೋದರೆ ಲಾಟ್ವಿಯನ್ ಅರಾಜಕತಾವಾದಿಗಳು. ನಿನ್ನಮ್ಮನೂ ಪಕ್ಕದಲ್ಲಿ ಕೂತು ನೋಡಿಬಿಟ್ಟಿದ್ದಾರೆ, ಅದೇ ತಲೆನೋವು ಅಂತ ಬರೆದಿದ್ದೀಯ. ಅಲ್ಲಿನವರು ನಿಜಕ್ಕೂ ಹಾಗೇನಾ, ನಗೋದೇ ಇಲ್ವಾ, ರಾತ್ರಿ ಒಬ್ಬಳೇ ಓಡಾಡಬಹುದಾ ಅಂತ ಕೇಳಿದ್ದೀಯ.

ಕೊನೆಯದನ್ನು ಮೊದಲು ಮುಗಿಸುತ್ತೇನೆ. ಓಡಾಡಬಹುದು. ಶುಕ್ರವಾರ ರಾತ್ರಿ ರೈಲ್ವೆ ಸ್ಟೇಷನ್ ಸುತ್ತ ಕುಡಿದವರು ಇರುತ್ತಾರೆ, ದೂರ ಇದ್ದರೆ ಸಾಕು. ಅಮ್ಮನಿಗೆ ಇದಿಷ್ಟು ಹೇಳು.

ಇನ್ನು ಆ ಧಾರಾವಾಹಿ. ಕೆರ್ರಿ ಗ್ರೀನ್‌ವುಡ್ ಬರೆದ ಕಾದಂಬರಿಗಳನ್ನು ಇಟ್ಟುಕೊಂಡು 2012ರಲ್ಲಿ ಶುರು ಮಾಡಿದ್ದು. ಬಟ್ಟೆ, ಕಾರು, ಟೋಪಿ ಎಲ್ಲ ಚೆಂದ. ನನಗೂ ಇಷ್ಟ, ಸುಮ್ನೆ ಬೈಯುತ್ತಿಲ್ಲ. ಆದರೆ ಕಥೆ ನಡೆಯುವುದು 1928ರ ಮೆಲ್ಬರ್ನ್‌ನಲ್ಲಿ. ಅದರೊಳಗೆ ಬರುವ ಲಾಟ್ವಿಯನ್ನರು ಮಾತ್ರ 1911ರ ಲಂಡನ್ನಿನವರು. ಹದಿನೇಳು ವರ್ಷದ ಹಿಂದಿನವರನ್ನು ಕರೆತಂದು ಕೂರಿಸಿದ್ದಾರೆ.

1910ರ ಡಿಸೆಂಬರಿನಲ್ಲಿ ಲಂಡನ್ನಿನ ಹೌಂಡ್ಸ್‌ಡಿಚ್‌ನಲ್ಲಿ ಒಂದು ಒಡವೆ ಅಂಗಡಿಗೆ ಹಿಂದಿನ ಮನೆಯಿಂದ ಗೋಡೆ ಕೊರೆಯುತ್ತಿದ್ದರು. ಸದ್ದು ಕೇಳಿ ಪೊಲೀಸರು ಬಂದರು. ಮೂವರು ಪೊಲೀಸರು ಗುಂಡಿಗೆ ಸತ್ತರು. ಕೊರೆಯುತ್ತಿದ್ದವರಲ್ಲಿ ಲಾಟ್ವಿಯಾದಿಂದ ಓಡಿಬಂದವರೇ ಜಾಸ್ತಿ. 1911ರ ಜನವರಿ 3ರಂದು ಅವರಲ್ಲಿ ಇಬ್ಬರು ಸಿಡ್ನಿ ಸ್ಟ್ರೀಟಿನ ಒಂದು ಮನೆಯಲ್ಲಿ ಸಿಕ್ಕಿಬಿದ್ದರು. ಪೊಲೀಸರು ಸಾಲದೆ ಸೈನಿಕರೂ ಬಂದರು. ಆಗ ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಕೋಟು ಹಾಕಿಕೊಂಡು ಬೀದಿಯಲ್ಲೇ ನಿಂತಿದ್ದರು. ಮನೆಗೆ ಬೆಂಕಿ ಹತ್ತಿತು, ಒಳಗಿದ್ದವರಿಬ್ಬರೂ ಸತ್ತರು. ಆ ಗುಂಪಿನ ಜೊತೆ ಹೆಸರು ಕೇಳಿಬಂದ 'ಪೀಟರ್ ದಿ ಪೇಂಟರ್' ಅನ್ನುವವನು ಕೊನೆಗೂ ಸಿಗಲಿಲ್ಲ. ಇದನ್ನೆಲ್ಲ ಸಿನಿಮಾ ಕ್ಯಾಮೆರಾದವರು ಅಲ್ಲೇ ನಿಂತು ಚಿತ್ರೀಕರಿಸಿದರು. ಇಂಗ್ಲಿಷಿನವರ ಪರದೆಯ ಮೇಲೆ ಲಾಟ್ವಿಯನ್ ಅಂದರೆ ಉದ್ದ ಕೋಟು, ಪಿಸ್ತೂಲು, ಕಾಣೆಯಾದ ಪೀಟರ್. ಆಮೇಲಿನ ಕಥೆಗಾರರಿಗೆ ಇಷ್ಟು ಸಾಕಲ್ವಾ?

ಅವರು ಲಂಡನ್ನಿಗೆ ಓಡಿಬಂದಿದ್ದು ಯಾಕೆ ಅಂತ ಮಾತ್ರ ಪರದೆಯ ಮೇಲೆ ಅರ್ಧ ಡೈಲಾಗಿನಲ್ಲಿ ಮುಗಿದುಹೋಗುತ್ತದೆ. ಇಲ್ಲಿನ ನೆಲದ ದೊಡ್ಡ ಪಾಲು ಜರ್ಮನ್ ಜಮೀನ್ದಾರರ ಕೈಯಲ್ಲಿತ್ತು, ಮೇಲೆ ರಷ್ಯಾದ ಚಕ್ರವರ್ತಿ. 1905ರ ಜನವರಿಯಲ್ಲಿ ರೀಗಾದ ದೌಗವಾ ನದಿಯ ದಡದಲ್ಲಿ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿದರು. ಎಪ್ಪತ್ತಕ್ಕೂ ಜಾಸ್ತಿ ಜನ ಸತ್ತರು. ಹಳ್ಳಿಗಳಲ್ಲಿ ಜಮೀನ್ದಾರರ ಬಂಗಲೆಗಳು ಉರಿದವು. ಅದಕ್ಕೆ ಸೇಡು ತೀರಿಸಲು ಸೈನ್ಯ ಬಂತು, ವಿಚಾರಣೆಯೂ ಇಲ್ಲದೆ ಜನರನ್ನು ಕೊಂದಿತು, ರೈತರ ಮನೆ ಸುಟ್ಟಿತು. ಸಾವಿರಾರು ಜನ ದೇಶ ಬಿಟ್ಟರು. ಅವರಲ್ಲಿ ಬೆರಳೆಣಿಕೆಯಷ್ಟು ಮಂದಿ ಪಿಸ್ತೂಲು ಹಿಡಿದರು.

ಆದರೆ 1928ರ ಹೊತ್ತಿಗೆ? 1918ರ ನವೆಂಬರ್ 18ರಂದೇ ಲಾಟ್ವಿಯಾ ಸ್ವತಂತ್ರ ದೇಶ ಅಂತ ಘೋಷಿಸಿಕೊಂಡಿತ್ತು. 1920ರಲ್ಲಿ ಭೂಸುಧಾರಣೆ ಬಂದು ಜರ್ಮನ್ ಜಮೀನ್ದಾರರ ನೆಲ ಒಡೆದು ನೆಲವಿಲ್ಲದವರಿಗೆ ಹಂಚಿತ್ತು. ನಮ್ಮಲ್ಲಿ ದೇವರಾಜ ಅರಸರ ಕಾಲದಲ್ಲಿ 'ಉಳುವವನೇ ನೆಲದೊಡೆಯ' ಅಂದರಲ್ಲ, ಅದಕ್ಕಿಂತ ಅರ್ಧ ಶತಮಾನ ಮುಂಚೆ. 1928ರ ಲಾಟ್ವಿಯನ್ ರೈತನ ಚಿಂತೆ ಹಾಲು, ಬೆಣ್ಣೆ, ಬ್ಯಾಂಕಿನ ಸಾಲ. ಬಾಂಬಲ್ಲ.

ಆ ಎಪಿಸೋಡನ್ನು ನಾನು ನೋಡಿದ್ದು ನಮ್ಮ ಓನರ್ ಆಂಟಿಯ ಅಡುಗೆಮನೆಯಲ್ಲಿ. ಹನ್ನೊಂದು ವರ್ಷದಿಂದ ಇದೇ ಮನೆಯಲ್ಲಿ ಬಾಡಿಗೆಗಿದ್ದೇನೆ, ಅವರು ಕೆಳಗೆ, ನಾನು ಮೇಲೆ. ರಿಟೈರ್ ಆದ ಟೀಚರು. ಒಂದು ಕೈಯಲ್ಲಿ ಕಪ್ಪು ರೈ ಬ್ರೆಡ್ಡು ಕುಯ್ಯುತ್ತಾ, ಕನ್ನಡಕದ ಮೇಲಿಂದ ಲ್ಯಾಪ್‌ಟಾಪ್ ನೋಡುತ್ತಿದ್ದರು. ಪಿಸ್ತೂಲು ಬಂತು, ಏನೂ ಅನ್ನಲಿಲ್ಲ. ಕ್ರಾಂತಿ ಬಂತು, ಏನೂ ಅನ್ನಲಿಲ್ಲ. ಒಂದು ಕಡೆ ಚಾಕು ಕೆಳಗಿಟ್ಟು, ನಿಲ್ಲಿಸು ಅಂದರು.

"ಇವರು ಯಾಕೆ ಇಷ್ಟೊಂದು ಮಾತಾಡುತ್ತಾರೆ? ಆ ಹೆಂಗಸು ಯಾರೋ ಏನೋ. ಗುರುತಿಲ್ಲದವಳ ಹತ್ತಿರ ಎದೆಯಲ್ಲಿರುವುದನ್ನೆಲ್ಲ ಹೇಳಿಬಿಟ್ಟರಲ್ಲ!"

ಆಮೇಲೆ ನಗಲು ಶುರು ಮಾಡಿದರು. ಅಪ್ಪಟ ಲಾಟ್ವಿಯನ್ ನಗು, ಸದ್ದಿಲ್ಲ, ಭುಜ ಮಾತ್ರ ಅಲುಗಾಡುತ್ತದೆ.

ನೀನು ಹೆದರಬೇಕಾದದ್ದು ಏನಾದರೂ ಇದ್ದರೆ ಈ ಮೌನಕ್ಕೆ. ಇವರು ಬಿಸಿ ತಲೆಯವರಲ್ಲ. ಮಾತೇ ಆಡದವರು. ಲಿಫ್ಟಿನಲ್ಲಿ 'ಲಬ್‌ದಿಯೆನ್' ಅಂದರೆ ನಮಸ್ಕಾರ ಅಂತ. ಅಷ್ಟು ಹೇಳಿ ಗೋಡೆ ನೋಡುತ್ತಾರೆ. ಎಲ್ಲಿಗೆ ಹೊರಟಿರಿ, ಊಟ ಆಯ್ತಾ, ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಮೊದಲ ಚಳಿಗಾಲದಲ್ಲಿ ಇದನ್ನು ನಾನು ದ್ವೇಷ ಅಂತಲೇ ತಿಳಿದುಕೊಂಡಿದ್ದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸೂರ್ಯ, ಸಂಜೆ ನಾಲ್ಕಕ್ಕೆ ಮೊದಲೇ ಕತ್ತಲೆ. ಅದರ ಮೇಲೆ ಯಾರೂ ಮಾತಾಡಿಸದಿದ್ದರೆ ಮನಸ್ಸು ಏನೇನೋ ಕಥೆ ಕಟ್ಟುತ್ತದೆ.

ಅದೇ ಆಂಟಿ ನಾಲ್ಕನೇ ವರ್ಷ ಒಂದು ದಿನ ಅಣಬೆ ಸ್ವಚ್ಛ ಮಾಡಲು ಕೂರಿಸಿಕೊಂಡರು. ಶರತ್ಕಾಲ ಬಂದರೆ ಇಲ್ಲಿ ಊರಿಗೆ ಊರೇ ಬುಟ್ಟಿ ಹಿಡಿದು ಕಾಡಿಗೆ ಹೋಗುತ್ತದೆ, ನಮ್ಮ ಮಲೆನಾಡಿನವರು ಕಳಲೆಗೆ ಹೋದ ಹಾಗೆ. ಮಣ್ಣು ಕೆರೆಯುತ್ತಾ, ತಲೆ ಎತ್ತದೆ, "ನಾನು ಹುಟ್ಟಿದ್ದು ಸೈಬೀರಿಯಾದಲ್ಲಿ" ಅಂದರು. 1949ರ ಮಾರ್ಚ್ 25ರಂದು ಸೋವಿಯತ್ ಸರ್ಕಾರ ಲಾಟ್ವಿಯಾದ ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ರೈಲಿಗೆ ತುಂಬಿ ಕಳಿಸಿತ್ತು. ಇವರ ತಾಯಿ ಅದರಲ್ಲೊಬ್ಬರು. ಆಗ ಹದಿನೇಳು ವಯಸ್ಸು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಅಣಬೆ ಕೊಡು, ಆ ದೊಡ್ಡದು" ಅಂದರು.

ಟಿವಿಯವರು ಇದನ್ನು ಹೇಗೆ ತೋರಿಸುತ್ತಾರೆ ಹೇಳು. ಐವತ್ತು ನಿಮಿಷದಲ್ಲಿ ಕೊಲೆಗಾರ ಸಿಗಬೇಕು.

ಮೆಲ್ಬರ್ನ್‌ಗೆ ಲಾಟ್ವಿಯನ್ನರು ದೊಡ್ಡ ಸಂಖ್ಯೆಯಲ್ಲಿ ಹೋಗಿದ್ದೂ ಆ ಕಥೆಯ ಕಾಲದಲ್ಲಲ್ಲ, ಇಪ್ಪತ್ತು ವರ್ಷದ ನಂತರ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜರ್ಮನಿಗೆ ಓಡಿ, ಶಿಬಿರಗಳಲ್ಲಿದ್ದು, 1947ರಿಂದ ಹಡಗು ಹತ್ತಿದವರು. ಆಸ್ಟ್ರೇಲಿಯಾಕ್ಕೆ ಸುಮಾರು 20 ಸಾವಿರ ಜನ. ಸರ್ಕಾರ ಹೇಳಿದ ಕಡೆ ಎರಡು ವರ್ಷ ದುಡಿಯುತ್ತೇವೆ ಅಂತ ಸಹಿ ಹಾಕಿದ ಡಾಕ್ಟರು, ಮೇಷ್ಟ್ರುಗಳು ಕಬ್ಬು ಕಡಿದರು. ಅವರಲ್ಲೊಬ್ಬರು ಲಾಟ್ವಿಯಾದ ದುಂಡಗ ಊರಿನ ಅರ್ವಿಡ್ಸ್ ಬ್ಲೂಮೆಂಟಾಲ್ಸ್. ಆಸ್ಟ್ರೇಲಿಯಾದಲ್ಲಿ ಮೊಸಳೆ ಬೇಟೆಗಾರನಾಗಿ ಹೆಸರು ಮಾಡಿದರು. ಈಗಲೂ ದುಂಡಗದಲ್ಲಿ ಅವರ ನೆನಪಿಗೆ ಕಾಂಕ್ರೀಟಿನ ಮೊಸಳೆಯೊಂದು ಬಾಯಿ ತೆರೆದುಕೊಂಡು ಕೂತಿದೆ. ಬಂದಮೇಲೆ ತೋರಿಸುತ್ತೇನೆ.

ಇನ್ನೊಂದು ತಮಾಷೆ. ಆ 'ಪೀಟರ್' ಇಲ್ಲಿ 'ಪೇತೆರಿಸ್'. ಗಂಡಸರ ಹೆಸರಿಗೆ ಸಾಮಾನ್ಯವಾಗಿ ಕೊನೆಯಲ್ಲೊಂದು 'ಸ್' ಬೇಕು. ನಾವು ಬಸ್‌ಗೆ ಉಕಾರ ಅಂಟಿಸಿ ಬಸ್ಸು, ರೋಡನ್ನು ರೋಡು ಮಾಡುತ್ತೇವಲ್ಲ, ಅದೇ ಕಥೆ. ಷೇಕ್ಸ್‌ಪಿಯರ್ ಇಲ್ಲಿ ಷೆಕ್ಸ್‌ಪೀರ್ಸ್. ನಾನು ಮಹೇಶ್, ಆಂಟಿಯ ಬಾಯಲ್ಲಿ ಮಹೇಶ್ಸ್. ನಿನ್ನ ಹೆಸರು 'ಆ'ದಲ್ಲಿ ಮುಗಿಯುತ್ತದೆ, ಹೆಂಗಸರಿಗೆ ಅದೇ ಸರಿ. ನಿನಗೆ ಈ ಕಾಟವಿಲ್ಲ.

ಬರೀ ಒಳ್ಳೆಯದನ್ನೇ ಹೇಳಿದರೆ ನಾಳೆ ಬಂದು ನನ್ನನ್ನೇ ಬೈಯುತ್ತೀಯ. ಹೊಸದರಲ್ಲಿ ಬಾಡಿಗೆ ಮನೆಗೆ ಫೋನ್ ಮಾಡಿದರೆ, ನನ್ನ ಇಂಗ್ಲಿಷ್ ಕೇಳಿದ ಕೂಡಲೇ ಮನೆ ಹೋಯಿತು ಅಂದವರು ನಾಲ್ಕೈದು ಜನ. ಅದರಲ್ಲೊಂದಕ್ಕೆ ಸಹೋದ್ಯೋಗಿ ಲಾಟ್ವಿಯನ್‌ನಲ್ಲಿ ಫೋನ್ ಮಾಡಿದ, ಮನೆ ಖಾಲಿಯೇ ಇತ್ತು. ನನಗೆ ತುಂಬ ಸಿಟ್ಟು ಬಂದಿತ್ತು. ಬೆಂಗಳೂರಿನಲ್ಲಿ ಮನೆ ಹುಡುಕುವಾಗ 'ನೀವು ಯಾವ ಜನ' ಅಂತ ಕೇಳಿಸಿಕೊಂಡವನೇ ನಾನೂ, ಆದರೂ ಬಂತು. ಈಗ ರೀಗಾದ ಬೀದಿಯಲ್ಲಿ ಊಟದ ಡಬ್ಬ ಬೆನ್ನಿಗೇರಿಸಿ ಸೈಕಲ್ ತುಳಿಯುವವರಲ್ಲಿ ನಮ್ಮ ಕಡೆಯ ವಿದ್ಯಾರ್ಥಿಗಳು ತುಂಬ. ಎಷ್ಟೋ ಜನರಿಗೆ ಭಾರತೀಯ ಅಂದರೆ ಅಷ್ಟೇ. ನೀನು ಒಂದು ಎಪಿಸೋಡಿನಿಂದ ಅವರನ್ನು ಅಳೆದ ಹಾಗೆ ಅವರು ಆ ಡಬ್ಬದಿಂದ ನಿನ್ನನ್ನು ಅಳೆಯುತ್ತಾರೆ. ಹಿಂದಿ ಸಿನಿಮಾದವರು ಹಣೆಗೆ ವಿಭೂತಿ ಬಳಿದು, 'ಅಯ್ಯಯ್ಯೋ' ಅನ್ನಿಸಿ, ಬೆಳಗಾವಿಯಿಂದ ಕನ್ಯಾಕುಮಾರಿವರೆಗೆ ಎಲ್ಲರನ್ನೂ 'ಮದ್ರಾಸಿ' ಮಾಡಿದ್ದು ನೆನಪಿದೆ ತಾನೆ?

ನಗುವುದನ್ನು ನೋಡಬೇಕಿದ್ದರೆ ಮುಂದಿನ ಜೂನ್ 23ರ ರಾತ್ರಿ ತನಕ ಕಾಯಿ. ಲೀಗೋ ಹಬ್ಬ. ಓಕ್ ಎಲೆಯ ಕಿರೀಟ, ಬೆಳಗಿನ ತನಕ ಆರದ ಬೆಂಕಿ, ಕ್ಯಾರವೇ ಕಾಳು ಹಾಕಿದ ಚೀಸು, ಬಿಯರು. ವರ್ಷವೆಲ್ಲ ಬಾಯಿ ಬಿಡದವರು ಆವತ್ತು ಬೆಳಗಿನ ತನಕ ಹಾಡುತ್ತಾರೆ.

ರೂಮಿನ ವಿಷಯ. ನಮ್ಮ ಮೇಲಿನ ಮನೆಯಲ್ಲಿ ಒಂದು ಚಿಕ್ಕ ಕೋಣೆ ಆಗಸ್ಟಿನಲ್ಲಿ ಖಾಲಿಯಾಗುತ್ತದೆ. ಆಂಟಿಗೆ ಹೇಳಿದ್ದೇನೆ. ಹ್ಞೂಂ ಅಂದರು, ಅದು ಒಪ್ಪಿಗೆ. ಬಂದ ದಿನ ಹೂ ತೆಗೆದುಕೊಂಡು ಹೋಗು. ಟೆರ್ಬಾತಾಸ್ ಬೀದಿಯ ಹೂವಿನ ಮಾರ್ಕೆಟ್ಟು ರಾತ್ರಿಯೆಲ್ಲ ತೆರೆದಿರುತ್ತದೆ, ನಿನ್ನ ವಿಮಾನ ಎಷ್ಟು ಹೊತ್ತಿಗೆ ಇಳಿದರೂ ಸಿಗುತ್ತದೆ. ಮೂರೋ ಐದೋ ತಗೋ. ನಾವು ಮುಯ್ಯಿಗೆ ನೂರಕ್ಕೆ ಒಂದು ರೂಪಾಯಿ ಸೇರಿಸುವ ಹಾಗೆ ಇಲ್ಲಿ ಹೂವಿಗೆ ಬೆಸ ಸಂಖ್ಯೆ. ನಾಲ್ಕು, ಆರು ಕೊಟ್ಟರೆ ಅದು ಸಮಾಧಿಗೆ. ನಾನು ಮೊದಲ ದಿನ ಆರು ಕೊಟ್ಟಿದ್ದೆ. ಆಂಟಿ ಒಂದನ್ನು ತೆಗೆದು ನನ್ನ ಕೈಗೇ ವಾಪಸ್ ಕೊಟ್ಟು, ಬಾಗಿಲು ಹಾಕಿಕೊಂಡರು.