ದಾವಣಗೆರೆಯಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದಿ ಕಡಲ ಪರಿಸರ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಬಹುದೇ?

ಧಾರಾಳವಾಗಿ. ಸಿಹಿನೀರಿನ ಸೂಳೆಕೆರೆಯ ಪ್ಲವಕಗಳ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳ) ಮೇಲೆ ಪ್ರಾಜೆಕ್ಟ್ ಮಾಡಿದ್ದರೆ ಅದನ್ನೇ ಮುಂದಿಡಿ. ಮಾದರಿ ಸಂಗ್ರಹ, ಮೈಕ್ರೋಸ್ಕೋಪಿನಡಿ ಗುರುತಿಸುವುದು, ಅಂಕಿಅಂಶ ವಿಶ್ಲೇಷಣೆ ಉಪ್ಪುನೀರಿನಲ್ಲೂ ಬೇಕು.

ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ನಮಗೆ ಹತ್ತಿರದವು. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಜೀವವಿಜ್ಞಾನ ವಿಷಯದಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ಅರ್ಧ ದಾರಿ ಸವೆದಂತೆ.

ಹೆಚ್ಚಿನವರು ಎಡವುವುದು ಗೈಡ್ ಆಗಬಲ್ಲ ಪ್ರಾಧ್ಯಾಪಕರಿಗೆ ಬರೆಯುವ ಇಮೇಲಿನಲ್ಲಿ. ‘ಗೌರವಾನ್ವಿತ ಸರ್’ ಎಂದು ಐವತ್ತು ಜನಕ್ಕೆ ಒಂದೇ ಪತ್ರ ಕಳಿಸಬೇಡಿ (ಮೇಡಂಗಳಿಗೂ ಅದೇ ಹೋಗುತ್ತೆ!). ಅವರ ಇತ್ತೀಚಿನ ಎರಡು ಪ್ರಬಂಧ ಓದಿ, ಅದರಿಂದ ನಿಮಗೆ ಹುಟ್ಟಿದ ಒಂದು ಪ್ರಶ್ನೆ ಬರೆಯಿರಿ. ಆ ಲ್ಯಾಬಿನ ಈಗಿನ ವಿದ್ಯಾರ್ಥಿಗಳನ್ನೂ ಮಾತಾಡಿಸಿ. ಗೈಡ್ ಹೇಗೆ, ಪದವಿಗೆ ಎಷ್ಟು ವರ್ಷ ಹಿಡಿಯುತ್ತೆ ಅನ್ನೋದು ಅವರಿಗೇ ಗೊತ್ತು. ಈಜು ಬಾರದಿದ್ದರೂ ನಡೆಯುವ ಸಂಶೋಧನಾ ವಿಷಯಗಳು ಬೇಕಾದಷ್ಟಿವೆ.