ಓದುಗರ ಪ್ರಶ್ನೆ: ಅಮೆರಿಕ ನೆಲ ಕೊಂಡ ಬಗೆ, ಹಂಚಿದ ಬಗೆ

ಪ್ರಶ್ನೆ: 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಲೂಸಿಯಾನವನ್ನು ಎಕರೆಗೆ 3 ಸೆಂಟಿನಂತೆ ಕೊಂಡಿತಂತೆ. ಅಷ್ಟು ಅಗ್ಗವೇ?

ಲೆಕ್ಕ ಸರಿ: ಒಂದೂವರೆ ಕೋಟಿ ಡಾಲರಿಗೆ ಸುಮಾರು 8,28,000 ಚದರ ಮೈಲಿ. ಆದರೆ ಫ್ರಾನ್ಸಿನ ಹತ್ತಿರ ಮಾರಲು ಇದ್ದದ್ದು ಆ ನೆಲದ ಮೇಲಿನ ಹಕ್ಕುದಾವೆ. ಬಹುಪಾಲು ನೆಲ ಇದ್ದದ್ದು ಒಸೇಜ್, ಲಕೋಟ, ಪಾನೀ ಮೊದಲಾದ ಮೂಲನಿವಾಸಿಗಳ ಕೈಯಲ್ಲಿ. ಅವರಿಂದ ಅದನ್ನು ಬಿಡಿಸಿಕೊಳ್ಳಲು ಮುಂದೆ ದಶಕಗಟ್ಟಲೆ ಒಪ್ಪಂದ, ಒತ್ತಡ, ಯುದ್ಧ ನಡೆದವು. ಆ ಖರ್ಚು 3 ಸೆಂಟಿನಲ್ಲಿ ಸೇರಿಲ್ಲ.

ಪ್ರಶ್ನೆ: 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 160 ಎಕರೆ ಪುಕ್ಕಟೆ ಸಿಗುತ್ತಿತ್ತೇ? ಯಾರಿಗೆ?

ನೆಲಕ್ಕೆ ಬೆಲೆಯಿಲ್ಲ, ಶುಲ್ಕ ಮಾತ್ರ: ಒಟ್ಟು 18 ಡಾಲರ್. ಸರ್ಕಾರ ಮೊದಲೇ ನೆಲವನ್ನು 6 ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಅದನ್ನು 36 ಸೆಕ್ಷನ್‌ಗಳಾಗಿ ಅಳೆಸಿತ್ತು. ಒಂದು ಸೆಕ್ಷನ್ 640 ಎಕರೆ. ಅದರ ಕಾಲುಭಾಗವೇ 160. ಅರ್ಜಿದಾರ ಕುಟುಂಬದ ಯಜಮಾನನಾಗಿರಬೇಕು ಇಲ್ಲವೇ 21 ತುಂಬಿರಬೇಕು. ಪೌರನಾಗಿರಬೇಕು ಅಥವಾ ಪೌರನಾಗುತ್ತೇನೆಂದು ಬರೆದುಕೊಟ್ಟಿರಬೇಕು. ಹಾಗಾಗಿ ಜರ್ಮನಿ, ನಾರ್ವೆ, ಸ್ವೀಡನ್‌ಗಳಿಂದ ಬಂದವರಿಗೂ ದಾರಿಯಿತ್ತು. ಒಂಟಿ ಹೆಣ್ಣಿಗೆ, ವಿಧವೆಗೆ ಸಿಗುತ್ತಿತ್ತು. ಗಂಡನ ಜೊತೆಗಿದ್ದವಳಿಗೆ ಸಾಮಾನ್ಯವಾಗಿ ಇಲ್ಲ.

ಭೂಕಚೇರಿಯಲ್ಲಿ ಹೆಸರು ಬರೆಸಿ, 5 ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿ, ಇಬ್ಬರು ಸಾಕ್ಷಿಗಳನ್ನು ಕರೆತಂದು ರುಜುವಾತು ಕೊಟ್ಟರೆ ಪಟ್ಟಾ. ಕಾಯಲಾರದವರು 6 ತಿಂಗಳ ನಂತರ ಎಕರೆಗೆ ಕನಿಷ್ಠ 1.25 ಡಾಲರ್ ಕಟ್ಟಿ ಬಿಡಿಸಿಕೊಳ್ಳಬಹುದಿತ್ತು. ಮೋಸ ನುಸುಳಿದ್ದು ಬಹುಪಾಲು ಈ ಕಿಂಡಿಯಿಂದಲೇ: ದನದ ಕಂಪನಿಗಳು, ಮರದ ವ್ಯಾಪಾರಿಗಳು ಬೇನಾಮಿ ಹೆಸರಲ್ಲಿ ಅರ್ಜಿ ಹಾಕಿಸುತ್ತಿದ್ದರು. ಮನೆ ‘12ಕ್ಕೆ 14’ ಎಂದು ಪ್ರಮಾಣ ಮಾಡಿ, ಅಡಿಯೋ ಅಂಗುಲವೋ ಎಂಬುದನ್ನು ನುಂಗಿಬಿಡುವ ಚಾಲಾಕಿತನವೂ ಇತ್ತು.

ಪ್ರಾಮಾಣಿಕರು ಸೋತದ್ದು ನೀರಿಲ್ಲದೆ. ಅಮೆರಿಕದ ನಡುವೆ ಉತ್ತರ-ದಕ್ಷಿಣವಾಗಿ ಹಾಯುವ 100ನೇ ರೇಖಾಂಶದಿಂದ ಪಶ್ಚಿಮಕ್ಕೆ ಹೆಚ್ಚಿನ ಕಡೆ ವರ್ಷಕ್ಕೆ 20 ಅಂಗುಲ ಮಳೆಯೂ ಬೀಳದು. ಅಂಥಲ್ಲಿ 160 ಎಕರೆ ದನ ಮೇಯಿಸಲು ಸಾಲದು, ನೀರಾವರಿಗೆ ಒಂದು ಕುಟುಂಬಕ್ಕೆ ವಿಪರೀತ. ಬಯಲಲ್ಲಿ ಮರವಿಲ್ಲದೆ ಹುಲ್ಲುಬೇರಿನ ಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿ ಗೋಡೆ ಕಟ್ಟುತ್ತಿದ್ದರು. ಜೋರು ಮಳೆ ಬಂದರೆ ಮಾಡು ಸೋರುತ್ತಿತ್ತು. ಒಣಸೀಮೆಗೆ 320 ಎಕರೆ ಎಂದು ಕಾಂಗ್ರೆಸ್ (ಅಮೆರಿಕದ ಸಂಸತ್ತು) ತಿದ್ದಿದ್ದು 1909ರಲ್ಲಿ. ತೀರಾ ತಡ.

ಪ್ರಶ್ನೆ: ಟೆಕ್ಸಾಸ್‌ನಲ್ಲೂ ಹೀಗೆಯೇ?

ಇಲ್ಲ. ಸ್ವತಂತ್ರ ಗಣರಾಜ್ಯವಾಗಿದ್ದ ಟೆಕ್ಸಾಸ್ 1845ರಲ್ಲಿ ಸೇರುವಾಗ ತನ್ನ ಸರ್ಕಾರಿ ನೆಲವನ್ನು ತಾನೇ ಉಳಿಸಿಕೊಂಡಿತು. ಅಲ್ಲಿ ಹಂಚಲು ಕೇಂದ್ರದ ಬಳಿ ನೆಲವೇ ಇರಲಿಲ್ಲ.